ಹದಕ್ಕೆ ಬಂದ ಗಾಳಿ: ಪೌಲ್ ಲಾ ಕೂರ್ ಅವರ ವೃತ್ತಿಜೀವನದಿಂದ ಒಂದು ವಿಜ್ಞಾನ ಪಾಠ

ಪೀಠಿಕೆ

ಪಠ್ಯಪುಸ್ತಕಗಳಲ್ಲಿ ವಿಜ್ಞಾನಿಯ ಪರಿಚಯ ಸಾಮಾನ್ಯವಾಗಿ ಒಂದು ಚೌಕದೊಳಗೆ ಬರುತ್ತದೆ. ಒಂದು ಭಾವಚಿತ್ರ, ಹುಟ್ಟಿದ ವರ್ಷ, ಮಾಡಿದ ಶೋಧ, ಸಂದ ಗೌರವ. ಪರೀಕ್ಷೆಯಲ್ಲಿ ಕೇಳುವುದಿಲ್ಲ ಎಂದು ಗೊತ್ತಾದ ಕೂಡಲೇ ಮಕ್ಕಳು ಆ ಚೌಕವನ್ನು ದಾಟಿಹೋಗುತ್ತಾರೆ. ನಾವೂ ಪಾಠಯೋಜನೆಯಲ್ಲಿ ಅದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡುವುದಿಲ್ಲ. ಆದರೆ ಒಬ್ಬ ಸಂಶೋಧಕ ಮೂವತ್ತು ವರ್ಷ ಬೆನ್ನುಹತ್ತಿದ ಒಂದೇ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟರೆ, ಆತನ ವೃತ್ತಿಜೀವನವೇ ಒಂದು ಪಾಠವಾಗಬಹುದಲ್ಲವೇ? ಇಂಟರ್ನ್‌ಶಿಪ್ ಅವಧಿಯಲ್ಲಿ ಗದಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ ಈ ವಿಚಾರವನ್ನು ಪ್ರಯೋಗಿಸಿ ನೋಡಿದೆ. ಅದರ ವಿವರ ಈ ಲೇಖನದಲ್ಲಿದೆ.

ಆರಿಸಿಕೊಂಡ ವ್ಯಕ್ತಿ ಡೆನ್ಮಾರ್ಕಿನ ಪೌಲ್ ಲಾ ಕೂರ್ (1846–1908). ಗಾಳಿಯಂತ್ರದಿಂದ ವಿದ್ಯುತ್ ಪಡೆಯುವ ವಿದ್ಯೆಯನ್ನು ಪ್ರಯೋಗಗಳ ಮೂಲಕ ಕಟ್ಟಿದ ಮೊದಲಿಗರಲ್ಲಿ ಅವರೊಬ್ಬರು. ಇಂದು ವಿಶ್ವವಿದ್ಯಾಲಯಗಳ ಇಂಜಿನಿಯರಿಂಗ್ ಪ್ರಾಧ್ಯಾಪಕರು ನಿಯಂತ್ರಣ ವ್ಯವಸ್ಥೆ ಮತ್ತು ಪವನಶಕ್ತಿ ಎಂಬ ಎರಡು ಹೆಸರುಗಳಲ್ಲಿ ಮಾಡುವ ಸಂಶೋಧನೆ ಅವರ ಕೈಯಲ್ಲಿ ಒಂದೇ ಕೆಲಸವಾಗಿತ್ತು. ಅವರನ್ನು ಆರಿಸಲು ಇನ್ನೊಂದು ಕಾರಣವೂ ಇತ್ತು. ಅವರು ಈ ಕೆಲಸ ಮಾಡಿದ್ದು ಹಳ್ಳಿಯ ಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಾ.

ಪಾಠಕ್ಕೆ ಮೂಲವಾದ ಪ್ರಶ್ನೆ

ನಮ್ಮ ಶಾಲೆಯ ಅಂಗಳದಿಂದ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ಕಾಣುತ್ತವೆ. ಮಕ್ಕಳು ಅವನ್ನು 'ಫ್ಯಾನ್' ಎಂದೇ ಕರೆಯುತ್ತಾರೆ. 'ಕೆಲಸ ಮತ್ತು ಶಕ್ತಿ' ಘಟಕ ನಡೆಯುತ್ತಿದ್ದಾಗ ಒಬ್ಬ ಹುಡುಗ ಕೇಳಿದ: "ಆಷಾಢದಾಗ ಗಾಳಿ ಎಷ್ಟ ಜೋರ ಬೀಸಿದ್ರೂ ಅವು ಒಂದ ಹದಕ್ಕ ತಿರಗತಾವಲ್ರೀ ಸರ್, ಯಾಕ?"

ನಿಯಂತ್ರಣ ವ್ಯವಸ್ಥೆ ಎಂಬ ಶಾಸ್ತ್ರದ ಮೊದಲ ಪ್ರಶ್ನೆಯೇ ಇದು. ಹುಡುಗ ಬಳಸಿದ 'ಹದ' ಎಂಬ ಮಾತನ್ನು ಮೂರೂ ಅವಧಿಗಳಲ್ಲಿ ಪಾರಿಭಾಷಿಕ ಪದದಂತೆ ಉಳಿಸಿಕೊಂಡೆ. ಹೊರಗಿನ ಒತ್ತಡ ಏರಿಳಿದರೂ ನಮಗೆ ಬೇಕಾದ ಬೆಲೆ ಬದಲಾಗದೆ ಇರುವುದು ಹದ. ಹಾಗೆ ಇರುವಂತೆ ಮಾಡುವ ಏರ್ಪಾಡು ನಿಯಂತ್ರಣ.

ಅದೇ ದಿನ ಇನ್ನೊಂದು ಮಾತೂ ಕಿವಿಗೆ ಬಿತ್ತು. ಪ್ರಶ್ನೆ ಕೇಳಿದವನಿಗೆ ಪಕ್ಕದವನು ಹೇಳಿದ: "ಅದೆಲ್ಲಾ ಇಂಜಿನಿಯರ್ ಮಂದೀದು ಲೇ, ನಮಗ್ಯಾಕ?" ಗುಡ್ಡದ ಮೇಲಿನ ಯಂತ್ರ ತಮ್ಮದಲ್ಲ, ಅದರ ತಿಳಿವಳಿಕೆಯೂ ತಮ್ಮದಲ್ಲ ಎಂದು ಹದಿನಾಲ್ಕು ವರ್ಷದ ಹುಡುಗ ಆಗಲೇ ತೀರ್ಮಾನಿಸಿಬಿಟ್ಟಿದ್ದ. ಮೂರು ಅವಧಿಗಳನ್ನು ಈ ಪಾಠಕ್ಕೆ ಕೇಳಿ ಪಡೆಯಲು ನಿಜವಾದ ಕಾರಣ ಈ ಎರಡನೆಯ ಮಾತು.

ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಗಳು:
1. ಗಾಳಿಯ ವೇಗ ಇಮ್ಮಡಿಯಾದರೆ ಅದು ತರುವ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ ಎಂಬುದನ್ನು ಲೆಕ್ಕ ಮಾಡಿ ತೋರಿಸುವರು.
2. ಮಿತಿ ಹಾಕುವುದಕ್ಕೂ, ಅಳೆದು ತಿದ್ದುವುದಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸುವರು.
3. ಒಬ್ಬ ಸಂಶೋಧಕನ ಬೇರೆ ಬೇರೆ ಕೆಲಸಗಳಲ್ಲಿ ಹರಿದು ಬಂದ ಒಂದೇ ಪ್ರಶ್ನೆಯನ್ನು ಗುರುತಿಸುವರು.

ಪೂರ್ವಜ್ಞಾನ: ಚಲನಶಕ್ತಿಯ ಸೂತ್ರ, ಸಾಮರ್ಥ್ಯ, ಶಕ್ತಿ ಸಂರಕ್ಷಣೆಯ ನಿಯಮ, ಶ್ರುತಿಕವೆಯ ಕಂಪನ. ಕೊನೆಯದನ್ನು 'ಶಬ್ದ' ಘಟಕದಿಂದ ಮೊದಲೇ ಪರಿಚಯಿಸಿಕೊಂಡೆ.

ಬೋಧನೋಪಕರಣಗಳು: ಶ್ರುತಿಕವೆ, ಮರದ ಹಲಗೆ, ಎರಡು ಖಾಲಿ ದಾರದ ರೀಲು, ಬಟ್ಟೆಯ ಪಟ್ಟಿ, ಮರದ ಸ್ಕೇಲು, ಮೊಳೆ, ತಂತಿ, ಒಂದೇ ಅಳತೆಯ ನಟ್ಟುಗಳು, ಬೆಂಕಿಪೊಟ್ಟಣ.

ಮೊದಲ ಅವಧಿ: ಗಾಳಿ ಎಷ್ಟು ತರುತ್ತದೆ?

ವ್ಯಕ್ತಿಯ ಹೆಸರು ಹೇಳುವ ಮೊದಲು ಆತ ಎದುರಿಸಿದ ಕಷ್ಟವನ್ನು ಮಕ್ಕಳು ಲೆಕ್ಕದಲ್ಲಿ ಕಾಣಬೇಕು ಎಂಬುದು ನನ್ನ ಯೋಜನೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಿಟಕಿಯನ್ನು ಊಹಿಸಿಕೊಳ್ಳಲು ಹೇಳಿದೆ. ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅದರ ಮೂಲಕ ಹಾದುಹೋದರೆ ಒಂದು ಸೆಕೆಂಡಿನಲ್ಲಿ 10 ಘನ ಮೀಟರ್ ಗಾಳಿ ದಾಟುತ್ತದೆ. ಒಂದು ಘನ ಮೀಟರ್ ಗಾಳಿಯ ರಾಶಿ ಸುಮಾರು 1.2 ಕಿಲೋಗ್ರಾಂ. ಅಂದರೆ ಸೆಕೆಂಡಿಗೆ 12 ಕಿಲೋಗ್ರಾಂ ಗಾಳಿ. ಚಲನಶಕ್ತಿಯ ಸೂತ್ರದಲ್ಲಿ ಇಟ್ಟರೆ: 12ರ ಅರ್ಧ 6, ವೇಗದ ವರ್ಗ 100, ಗುಣಿಸಿದರೆ 600 ಜೂಲ್. ಸೆಕೆಂಡಿಗೆ 600 ಜೂಲ್ ಎಂದರೆ 600 ವ್ಯಾಟ್.

ಇದೇ ಲೆಕ್ಕವನ್ನು 5 ಮೀಟರ್ ಮತ್ತು 20 ಮೀಟರ್ ವೇಗಕ್ಕೆ ಮಾಡಲು ಗುಂಪುಗಳಿಗೆ ಕೊಟ್ಟೆ. ಉತ್ತರ 75 ವ್ಯಾಟ್ ಮತ್ತು 4,800 ವ್ಯಾಟ್. ಹಲವರು 20 ಮೀಟರಿಗೆ 1,200 ವ್ಯಾಟ್ ಬರುತ್ತದೆ ಎಂದು ಊಹಿಸಿದ್ದರು, ಕೆಲವರು 2,400 ಎಂದಿದ್ದರು. ವೇಗ ಇಮ್ಮಡಿಯಾದರೆ ವೇಗದ ವರ್ಗ ನಾಲ್ಕು ಪಟ್ಟಾಗುತ್ತದೆ. ಜೊತೆಗೆ ಒಂದು ಸೆಕೆಂಡಿನಲ್ಲಿ ದಾಟುವ ಗಾಳಿಯೂ ಇಮ್ಮಡಿಯಾಗುತ್ತದೆ. ಹೀಗಾಗಿ ಎಂಟು ಪಟ್ಟು. 75, 600, 4,800 ಎಂಬ ಮೂರು ಸಂಖ್ಯೆಗಳನ್ನು ಫಲಕದ ಮೂಲೆಯಲ್ಲಿ ಮೂರೂ ದಿನ ಅಳಿಸದೆ ಉಳಿಸಿದೆ.

ಈಗ ಪ್ರಶ್ನೆ: 600 ವ್ಯಾಟಿಗೆ ಕಟ್ಟಿದ ಯಂತ್ರದ ಮೇಲೆ 4,800 ವ್ಯಾಟಿನ ಗಾಳಿ ಬಂದರೆ? ಮಕ್ಕಳಿಂದ ಬಂದ ಉತ್ತರಗಳು ಮೂರು: ಯಂತ್ರ ಮುರಿಯುತ್ತದೆ, ಬಲ್ಬು ಸುಟ್ಟುಹೋಗುತ್ತದೆ, ನಿಲ್ಲಿಸಬೇಕಾಗುತ್ತದೆ. ಮೂರೂ ಸರಿ. ಒಬ್ಬ ಹುಡುಗಿ "ಹೆಚ್ಚಾಗಿದ್ದನ್ನ ಬಿಟ್ಟುಬಿಡಬೇಕ್ರೀ" ಎಂದಳು. ಎರಡನೇ ಅವಧಿಗೆ ಅದೇ ಸೇತುವೆಯಾಯಿತು.

ಎರಡನೇ ಅವಧಿ: ಒಂದೇ ಪ್ರಶ್ನೆ, ಹಲವು ಕೆಲಸ

ಲಾ ಕೂರ್ ಅವರ ಜೀವನವನ್ನು ಹೇಳುವಾಗ ಒಂದು ನಿಯಮ ಇಟ್ಟುಕೊಂಡೆ: ಪ್ರತಿ ಘಟನೆಯ ಹಿಂದೆ ಮಕ್ಕಳು ಉತ್ತರಿಸಬೇಕಾದ ಒಂದು ಪ್ರಶ್ನೆ ಇರಬೇಕು. ಹಾಗೆ ಪ್ರಶ್ನೆ ಹುಟ್ಟದ ಸಂಗತಿಗಳನ್ನು ಕೈಬಿಟ್ಟೆ.

ಹೆಜ್ಜೆ ಒಂದು: ತಪ್ಪದ ತಾಳ. ಲಾ ಕೂರ್ ಹವಾಮಾನಶಾಸ್ತ್ರ ಓದಿದವರು. 1872ರಲ್ಲಿ ಆರಂಭವಾದ ಡೆನ್ಮಾರ್ಕಿನ ಹವಾಮಾನ ಸಂಸ್ಥೆಯಲ್ಲಿ ಉಪಮುಖ್ಯಸ್ಥರಾಗಿದ್ದರು. ಅದೇ ಕಾಲದಲ್ಲಿ ಟೆಲಿಗ್ರಾಫ್ ತಂತ್ರದಲ್ಲೂ ತೊಡಗಿದ್ದರು. ಒಂದೇ ತಂತಿಯಲ್ಲಿ ಹಲವು ಸಂದೇಶಗಳನ್ನು ಕಳಿಸಬೇಕಾದರೆ ದೂರದ ಎರಡು ಕಡೆಯ ಯಂತ್ರಗಳು ಒಂದೇ ವೇಗದಲ್ಲಿ ತಿರುಗಬೇಕು. 1875ರ ಸುಮಾರಿಗೆ ಅವರು ಕಂಡುಕೊಂಡ ಉಪಾಯ 'ನಾದಚಕ್ರ': ಕಂಪಿಸುವ ಶ್ರುತಿಕವೆಯು ವಿದ್ಯುತ್ ಮಂಡಲವನ್ನು ಕೂಡಿಸಿ ಬಿಡಿಸಿ ಮಾಡುತ್ತದೆ, ಆ ಮಿಡಿತಗಳು ಒಂದು ವಿದ್ಯುತ್ಕಾಂತಕ್ಕೆ ಹೋಗುತ್ತವೆ, ಪ್ರತಿ ಮಿಡಿತಕ್ಕೂ ಕಾಂತವು ಕಬ್ಬಿಣದ ಹಲ್ಲುಚಕ್ರದ ಒಂದು ಹಲ್ಲನ್ನು ಎಳೆಯುತ್ತದೆ. ತರಗತಿಯ ಪ್ರಶ್ನೆ: ಕವೆ ಸೆಕೆಂಡಿಗೆ 100 ಬಾರಿ ಕಂಪಿಸಿದರೆ, 10 ಹಲ್ಲಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ? ಹತ್ತು ಎಂದು ಎಲ್ಲರೂ ಹೇಳಿದರು. ಆಮೇಲೆ ಮೇಜಿನ ಮೇಲೆ ಶ್ರುತಿಕವೆಯನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಬಡಿದು ಕೇಳಿಸಿದೆ. ಶಬ್ದ ಹೆಚ್ಚಾಯಿತು, ಸ್ಥಾಯಿ ಬದಲಾಗಲಿಲ್ಲ. ಬಡಿತ ಬದಲಾದರೂ ಬದಲಾಗದ ತಾಳವೊಂದು ಸಿಕ್ಕರೆ ಅದಕ್ಕೆ ಯಂತ್ರವನ್ನು ಹೊಂದಿಸಬಹುದು ಎಂಬುದು ಹೀಗೆ ಕಿವಿಯಿಂದಲೇ ಗೊತ್ತಾಯಿತು.

ಹೆಜ್ಜೆ ಎರಡು: ಹಳ್ಳಿಯ ಶಾಲೆಗೆ. 1878ರಲ್ಲಿ ಲಾ ಕೂರ್ ರಾಜಧಾನಿಯ ಹುದ್ದೆ ಬಿಟ್ಟು ಅಸ್ಕೋವ್ ಎಂಬ ಹಳ್ಳಿಯ ಜನಪದ ಪ್ರೌಢಶಾಲೆಗೆ ಶಿಕ್ಷಕರಾಗಿ ಹೋದರು. ಈ ಶಾಲೆಗಳು ಗ್ರಾಮೀಣ ತರುಣರಿಗಾಗಿ ಇದ್ದವು, ಅಲ್ಲಿ ಪರೀಕ್ಷೆಗಳ ಗೊಡವೆ ಇರಲಿಲ್ಲ. ಗಣಿತವನ್ನು ಮನುಷ್ಯ ಅದನ್ನು ಕಂಡುಕೊಂಡ ಕ್ರಮದಲ್ಲೇ ಕಲಿಸಬೇಕೆಂದು ಅವರು 1881ರಲ್ಲಿ 'ಐತಿಹಾಸಿಕ ಗಣಿತ' ಎಂಬ ಪಠ್ಯವನ್ನು ಬರೆದರು. ನಂತರ ಯಾಕೋಬ್ ಅಪೆಲ್ ಅವರೊಂದಿಗೆ ಸೇರಿ 'ಐತಿಹಾಸಿಕ ಭೌತಶಾಸ್ತ್ರ'ವನ್ನೂ ರಚಿಸಿದರು. ತರಗತಿಯ ಪ್ರಶ್ನೆ: ನಗರಗಳಿಗೆ ವಿದ್ಯುತ್ ಬರುತ್ತಿದ್ದ ಕಾಲದಲ್ಲಿ ಹಳ್ಳಿಗೆ ಅದನ್ನು ತರಲು ಏನು ಬಳಸಬಹುದಿತ್ತು? ಕಲ್ಲಿದ್ದಲು ಇಲ್ಲ, ದೊಡ್ಡ ನದಿ ಇಲ್ಲ, ಗಾಳಿ ಮಾತ್ರ ಬೇಕಾದಷ್ಟು.

ಹೆಜ್ಜೆ ಮೂರು: ಜಾರುವ ಬೆಲ್ಟ್. 1891ರಲ್ಲಿ ಸರ್ಕಾರದ ಧನಸಹಾಯದಿಂದ ಅಸ್ಕೋವ್‌ನಲ್ಲಿ ಪ್ರಯೋಗದ ಗಾಳಿಯಂತ್ರ ನಿಂತಿತು. ಮೊದಲ ತೊಡಕು ನಮ್ಮ ಫಲಕದ ಮೂಲೆಯ ಮೂರು ಸಂಖ್ಯೆಗಳೇ. ಡೈನಮೊಗೆ ಒಂದೇ ಹದದ ತಿರುಗು ಬೇಕು, ಗಾಳಿಗೆ ಹದವೇ ಇಲ್ಲ. ಇದಕ್ಕೆ ಲಾ ಕೂರ್ ಮಾಡಿದ ನಿಯಂತ್ರಕದ ಹೆಸರು 'ಕ್ರಾಟೋಸ್ಟಾಟ್'. ಅದರ ಸಾರ ಇಷ್ಟು: ಶಕ್ತಿಯನ್ನು ಸಾಗಿಸುವ ಬೆಲ್ಟನ್ನು ಬಿಗಿಯಾಗಿ ಹಿಡಿಯುವುದು ಒಂದು ತೂಕ. ಗಾಳಿಯ ಎಳೆತ ಆ ತೂಕ ನಿಗದಿ ಮಾಡಿದ ಮಿತಿಯನ್ನು ಮೀರಿದರೆ ಬೆಲ್ಟ್ ಜಾರುತ್ತದೆ. ರೆಕ್ಕೆ ಎಷ್ಟೇ ರಭಸದಿಂದ ತಿರುಗಿದರೂ ಡೈನಮೊಗೆ ತಲುಪುವ ಎಳೆತ ಮಿತಿಯಲ್ಲೇ ಉಳಿಯುತ್ತದೆ.

ಇಲ್ಲಿ ಹೆಚ್ಚು ವಿವರಣೆ ಬೇಕಾಗಲಿಲ್ಲ. "ಗಿರಣ್ಯಾಗ ಬೆಲ್ಟ್ ಸಡಲ ಆದ್ರ ಜಾರತೈತಲ್ರೀ, ಹಂಗ" ಎಂದು ಒಬ್ಬ ಹೇಳಿದ. ಹಿಟ್ಟಿನ ಗಿರಣಿಯಲ್ಲಿ ಅದು ತೊಂದರೆ. ಅಸ್ಕೋವ್‌ನಲ್ಲಿ ಅದೇ ಉಪಾಯವಾಯಿತು.

ಚಟುವಟಿಕೆ. ಹಲಗೆಯ ಮೇಲೆ ಒಂದು ರೀಲನ್ನು ಮೊಳೆಗೆ ಸಿಕ್ಕಿಸಿ ತಂತಿಯ ಹಿಡಿಕೆ ಮಾಡಿದೆವು. ಎರಡನೆಯ ರೀಲನ್ನು ಒಂದು ಸ್ಕೇಲಿಗೆ ಜೋಡಿಸಿ, ಸ್ಕೇಲಿನ ಮೇಲ್ತುದಿಯನ್ನು ಹಲಗೆಗೆ ಮೊಳೆ ಹೊಡೆದು ಓಲಾಡುವಂತೆ ಬಿಟ್ಟೆವು. ಎರಡೂ ರೀಲುಗಳಿಗೆ ಬಟ್ಟೆಯ ಪಟ್ಟಿಯ ಬೆಲ್ಟ್. ಸ್ಕೇಲಿನ ಕೆಳತುದಿಗೆ ದಾರ ಕಟ್ಟಿ, ಬದಿಯ ಮೊಳೆಯ ಮೇಲಿಂದ ಇಳಿಬಿಟ್ಟ ನಟ್ಟುಗಳು ಬೆಲ್ಟನ್ನು ಬಿಗಿಯಾಗಿ ಎಳೆಯುತ್ತವೆ. ಎರಡನೆಯ ರೀಲಿಗೆ ಸುತ್ತಿದ ದಾರ ಬೆಂಕಿಪೊಟ್ಟಣದ ಹೊರೆಯನ್ನು ಎತ್ತಬೇಕು. ಎರಡು, ನಾಲ್ಕು, ಆರು ನಟ್ಟು ತೂಗುಹಾಕಿ, ಪ್ರತಿ ಬಾರಿ ಎಷ್ಟು ಹೊರೆ ಏಳುತ್ತದೆ ಎಂದು ಗುಂಪುಗಳು ಬರೆದುಕೊಂಡವು. ಬಿಗಿ ಹೆಚ್ಚಿಸಿದಂತೆ ಎತ್ತಬಲ್ಲ ಹೊರೆ ಹೆಚ್ಚಾಯಿತು. ಆದರೆ ಹಿಡಿಕೆಯನ್ನು ಎಷ್ಟೇ ರಭಸದಿಂದ ತಿರುಗಿಸಿದರೂ ಆ ಬಿಗಿಗೆ ಸಲ್ಲುವ ಹೊರೆಗಿಂತ ಹೆಚ್ಚು ಏಳಲಿಲ್ಲ. "ಹಂಗಾದ್ರ ಉಳಿದ ಶಕ್ತಿ ಎಲ್ಲಿ ಹೋತ್ರೀ?" ಎಂಬ ಪ್ರಶ್ನೆ ತಾನಾಗಿಯೇ ಬಂತು. ತಿಕ್ಕಿದ ಪಟ್ಟಿಯನ್ನು ಮುಟ್ಟಿ ನೋಡಲು ಹೇಳಿದೆ. ಬೆಚ್ಚಗಿತ್ತು. ಶಕ್ತಿ ಸಂರಕ್ಷಣೆಯ ನಿಯಮವನ್ನು ಮತ್ತೆ ಹೇಳಬೇಕಾಗಲಿಲ್ಲ.

ಹೆಜ್ಜೆ ನಾಲ್ಕು: ಕೂಡಿಡುವುದು. ಗಾಳಿ ಇಲ್ಲದ ರಾತ್ರಿ ದೀಪ ಉರಿಯಬೇಕಲ್ಲ. ಲಾ ಕೂರ್ ಡೈನಮೊದ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಹೈಡ್ರೋಜನ್ ಮತ್ತು ಆಕ್ಸಿಜನ್ ಕೂಡಿಟ್ಟರು. 1895ರಿಂದ 1902ರವರೆಗೆ ಶಾಲೆಯ ದೀಪಗಳು ಈ ಅನಿಲದಿಂದ ಉರಿದವು. ಹೈಡ್ರೋಜನ್‌ನಲ್ಲಿ ಆಕ್ಸಿಜನ್ ಸ್ವಲ್ಪ ಬೆರೆತಾಗ ಸ್ಫೋಟವಾಗಿ ಕಿಟಕಿಯ ಗಾಜುಗಳು ಒಡೆದದ್ದೂ ಉಂಟು. ಬಳಿಕ ಬ್ಯಾಟರಿಗಳು ಬಂದವು. ತರಗತಿಯ ಪ್ರಶ್ನೆ: ಗಾಳಿ ನಿಂತು ಡೈನಮೊ ನಿಧಾನವಾದಾಗ ಬ್ಯಾಟರಿಯ ವಿದ್ಯುತ್ ಯಾವ ಕಡೆಗೆ ಹರಿಯುತ್ತದೆ? ಅದು ಹಿಂದಕ್ಕೆ ಹರಿಯದಂತೆ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್ಚನ್ನೂ ಲಾ ಕೂರ್ ರೂಪಿಸಿದರು. ಇದೂ ನಿಯಂತ್ರಣವೇ.

ಹೆಜ್ಜೆ ಐದು: ಗಾಳಿಯನ್ನು ಕೋಣೆಗೆ ತರುವುದು. 1890ರ ದಶಕದ ಕೊನೆಯ ವರ್ಷಗಳಲ್ಲಿ ಅವರು ಕೊಳವೆಯೊಳಗೆ ಗಾಳಿ ಊದಿ ಸಣ್ಣ ಮಾದರಿ ರೆಕ್ಕೆಗಳನ್ನು ಪರೀಕ್ಷಿಸಿದರು. ನಿಧಾನ ತಿರುಗುವ ಹಲವು ರೆಕ್ಕೆಗಳಿಗಿಂತ ವೇಗವಾಗಿ ತಿರುಗುವ ಕೆಲವೇ ರೆಕ್ಕೆಗಳು ವಿದ್ಯುತ್ತಿಗೆ ಮೇಲು ಎಂಬ ತೀರ್ಮಾನಕ್ಕೆ ಬಂದರು. ಕಪ್ಪತಗುಡ್ಡದ ಯಂತ್ರಗಳಿಗೆ ರೆಕ್ಕೆ ಎಷ್ಟು ಎಂದು ಕೇಳಿದಾಗ ಎಲ್ಲರೂ ಕಿಟಕಿಯತ್ತ ತಿರುಗಿದರು.

ಹೆಜ್ಜೆ ಆರು: ಕೈಗಳನ್ನು ತಯಾರು ಮಾಡುವುದು. 1903ರಲ್ಲಿ ಲಾ ಕೂರ್ ಅವರ ಮುಂದಾಳತ್ವದಲ್ಲಿ ಡೆನ್ಮಾರ್ಕಿನ ಪವನವಿದ್ಯುತ್ ಸಂಘ ಹುಟ್ಟಿತು. 1904ರಿಂದ ಅಸ್ಕೋವ್‌ನಲ್ಲಿ ಹಳ್ಳಿಯ ತರುಣರಿಗೆ ವಿದ್ಯುತ್ ಕೆಲಸದ ತರಬೇತಿ ಆರಂಭವಾಯಿತು. ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬ ಯೊಹಾನೆಸ್ ಯೂಲ್. ಆಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಅರ್ಧ ಶತಮಾನದ ನಂತರ, 1957ರಲ್ಲಿ, ಅದೇ ಯೂಲ್ ರೂಪಿಸಿದ 200 ಕಿಲೋವ್ಯಾಟ್ ಸಾಮರ್ಥ್ಯದ ಮೂರು ರೆಕ್ಕೆಯ ಯಂತ್ರ ಗೆಡ್ಸರ್ ಎಂಬಲ್ಲಿ ಓಡತೊಡಗಿತು. ಸುಮಾರು ಹತ್ತು ವರ್ಷ ದುಡಿಯಿತು.

'ಅದೆಲ್ಲಾ ಇಂಜಿನಿಯರ್ ಮಂದೀದು' ಎಂದಿದ್ದ ಹುಡುಗ ಕೇಳಿದ್ದು ಒಂದೇ ಪ್ರಶ್ನೆ: "ಅಂವಾ ಎಷ್ಟ ಕಲ್ತಿದ್ದಾರೀ ಆವಾಗ?" ಹಳ್ಳಿಶಾಲೆಯ ತರಬೇತಿಯಿಂದ ಶುರುಮಾಡಿದ ಎಂದೆ. ಅವನು ಮತ್ತೆ ಮಾತಾಡಲಿಲ್ಲ, ಆದರೆ ಮೂರನೇ ಅವಧಿಯಲ್ಲಿ ಮೊದಲ ಬೆಂಚಿಗೆ ಬಂದು ಕುಳಿತಿದ್ದ.

ಮೂರನೇ ಅವಧಿ: ಮಿತಿಯಿಂದ ಹಿಮ್ಮಾಹಿತಿಗೆ

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡುವಂತಿಲ್ಲ. ಕ್ರಾಟೋಸ್ಟಾಟ್‌ನ ಬೆಲ್ಟ್ ಯಾವುದನ್ನೂ ಅಳೆಯುವುದಿಲ್ಲ. ಅದು ಮಿತಿ ಹಾಕುತ್ತದೆ, ಅಷ್ಟೆ. ಯೂಲ್ ಅವರ ಯಂತ್ರದ ರೆಕ್ಕೆಗಳನ್ನೂ ಸ್ಥಿರವಾಗಿ ಜೋಡಿಸಲಾಗಿತ್ತು. ಗಾಳಿ ಬಲವಾದಾಗ ಅದರ ಹರಿವು ರೆಕ್ಕೆಯ ಬೆನ್ನಿನಿಂದ ಬಿಟ್ಟುಕೊಂಡು ಎಳೆತ ತಾನಾಗಿಯೇ ಕುಗ್ಗುವಂತೆ ರೆಕ್ಕೆಗೆ ಆಕಾರ ಮತ್ತು ಕೋನ ಕೊಟ್ಟಿದ್ದರು. ಅಲ್ಲಿಯೂ ಅಳತೆ ಇಲ್ಲ. ಲಾ ಕೂರ್ ಬೆಲ್ಟಿನಲ್ಲಿ ಮಾಡಿದ್ದನ್ನು ಅವರ ಶಿಷ್ಯ ರೆಕ್ಕೆಯಲ್ಲೇ ಮಾಡಿದ.

ಇಂದಿನ ದೊಡ್ಡ ಯಂತ್ರಗಳಲ್ಲಿ ಮೂರು ಕೆಲಸ ಸುತ್ತು ಹಾಕುತ್ತಿರುತ್ತವೆ. ರೆಕ್ಕೆ ತಿರುಗುವ ವೇಗವನ್ನು ಅಳೆಯುವುದು, ಬೇಕಾದ ವೇಗದೊಂದಿಗೆ ಹೋಲಿಸುವುದು, ವ್ಯತ್ಯಾಸವಿದ್ದರೆ ಮೋಟಾರಿನಿಂದ ರೆಕ್ಕೆಯ ಕೋನವನ್ನು ತಿರುಗಿಸುವುದು. ಮತ್ತೆ ಅಳೆಯುವುದು. ಸಾಮಾನ್ಯವಾಗಿ ಗಾಳಿ ಸೆಕೆಂಡಿಗೆ 3–4 ಮೀಟರ್ ಇದ್ದಾಗ ಯಂತ್ರ ಕೆಲಸ ಆರಂಭಿಸುತ್ತದೆ, ಸುಮಾರು 12 ಮೀಟರಿಗೆ ಪೂರ್ಣ ಸಾಮರ್ಥ್ಯ ಮುಟ್ಟುತ್ತದೆ, ಅಲ್ಲಿಂದ ಮುಂದೆ ಹೆಚ್ಚಾದ ಗಾಳಿಯನ್ನು ಬಿಟ್ಟುಕೊಡುತ್ತದೆ, ಸುಮಾರು 25 ಮೀಟರ್ ದಾಟಿದರೆ ರೆಕ್ಕೆಯನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸಿ ನಿಲ್ಲುತ್ತದೆ. ಮೊದಲ ದಿನದ "ಒಂದ ಹದಕ್ಕ ತಿರಗತಾವಲ್ರೀ" ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಅದನ್ನು ಕೇಳಿದವನಿಂದಲೇ ಫಲಕದ ಮೇಲೆ ನಕ್ಷೆ ಬರೆಸಿದೆ.

ಅಳೆದ ಫಲಿತಾಂಶ ಮತ್ತೆ ಕ್ರಿಯೆಯನ್ನು ತಿದ್ದಲು ಬರುವುದಕ್ಕೆ ಹಿಮ್ಮಾಹಿತಿ ಎಂದು ಹೆಸರು ಕೊಟ್ಟೆ. ನಂತರ ಮನೆಯ ಉದಾಹರಣೆಗಳನ್ನು ಎರಡು ಕಂಬದಲ್ಲಿ ಬರೆಯಲು ಹೇಳಿದೆ: ಹಿಮ್ಮಾಹಿತಿ ಇರುವುದು, ಇಲ್ಲದ್ದು. ನೀರಿನ ಟ್ಯಾಂಕಿನ ತೇಲುವ ಚೆಂಡಿನ ವಾಲ್ವ್, ತಾನಾಗಿಯೇ ಆರುವ ಇಸ್ತ್ರಿಪೆಟ್ಟಿಗೆ ಮೊದಲ ಕಂಬಕ್ಕೆ ಬಂದವು. ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಎಲ್ಲಿಗೆ ಸೇರಬೇಕು ಎಂಬ ವಾದ ಹತ್ತು ನಿಮಿಷ ನಡೆಯಿತು. ಅದು ಕೋಣೆಯ ಸೆಕೆಯನ್ನೂ ಅಳೆಯುವುದಿಲ್ಲ, ಫ್ಯಾನಿನ ವೇಗವನ್ನೂ ಅಳೆಯುವುದಿಲ್ಲ. ತಿರುಗಿಸುವ ಕೈ ನಮ್ಮದು, ಆದ್ದರಿಂದ ಹಿಮ್ಮಾಹಿತಿ ಕೊಡುವವರು ನಾವೇ ಎಂಬ ತೀರ್ಮಾನಕ್ಕೆ ತರಗತಿಯೇ ಬಂತು.

ಮೌಲ್ಯಮಾಪನ

ಮೂರು ಪ್ರಶ್ನೆಗಳನ್ನು ಕೊಟ್ಟೆ:
1. ಗಾಳಿಯ ವೇಗ ಮೂರು ಪಟ್ಟಾದರೆ ಸಾಮರ್ಥ್ಯ ಎಷ್ಟು ಪಟ್ಟಾಗುತ್ತದೆ? ಏಕೆ?
2. ನಾದಚಕ್ರ, ಕ್ರಾಟೋಸ್ಟಾಟ್, ಬ್ಯಾಟರಿಯ ಸ್ವಿಚ್: ಈ ಮೂರಕ್ಕೂ ಸಮಾನವಾದದ್ದು ಏನು?
3. ನಿಮ್ಮ ಮನೆ ಅಥವಾ ಹೊಲದಲ್ಲಿ ಹದ ತಪ್ಪುವ ಒಂದು ಸಂಗತಿ ಯಾವುದು? ಅದನ್ನು ಹದದಲ್ಲಿ ಇಡಲು ಏನನ್ನು ಅಳೆಯುವಿರಿ?

ಮೊದಲನೆಯದು ಸೂತ್ರದ ಪ್ರಶ್ನೆ, ಉತ್ತರ 27. ಎರಡನೆಯದಕ್ಕೆ ಬಂದ ಉತ್ತರಗಳಲ್ಲಿ ನನಗೆ ಇಷ್ಟವಾದದ್ದು: 'ಒಂದು ಹಾರಾಡುತ್ತದೆ, ಇನ್ನೊಂದು ಹಾರಾಡಬಾರದು'. ಮೂರನೆಯದಕ್ಕೆ ಬಂದ ಉತ್ತರಗಳಲ್ಲಿ ಹನಿ ನೀರಾವರಿ, ಕೋಳಿಮರಿಗಳ ಗೂಡಿನ ಬಿಸಿ, ಏರಿಳಿಯುವ ವೋಲ್ಟೇಜಿನ ಪಂಪ್‌ಸೆಟ್ ಇದ್ದವು. ಬಹುತೇಕರು ಅಳೆಯಬೇಕಾದದ್ದನ್ನು ಸರಿಯಾಗಿ ಗುರುತಿಸಿದ್ದರು.

ಅವಲೋಕನ

ಪಾಠದ ನಂತರ ಮಾರ್ಗದರ್ಶಕರು ಎತ್ತಿದ ಆಕ್ಷೇಪ ತೂಕದ್ದು: ಮೂರು ಅವಧಿ ಎಂದರೆ ಘಟಕದ ದೊಡ್ಡ ಪಾಲು, ಇದರಲ್ಲಿ ಪಠ್ಯದ್ದು ಎಷ್ಟು, ಕತೆಯದ್ದು ಎಷ್ಟು? ನನ್ನ ಉತ್ತರ ಇದು. ಚಲನಶಕ್ತಿ, ಸಾಮರ್ಥ್ಯ, ಸಂರಕ್ಷಣೆ ಮೂರೂ ಪಠ್ಯದವೇ. ಲೆಕ್ಕಗಳನ್ನು ಹೇಗಿದ್ದರೂ ಮಾಡಿಸಬೇಕಿತ್ತು. ಇಲ್ಲಿ ಆ ಲೆಕ್ಕಗಳಿಗೆ ಒಂದು ಅಗತ್ಯ ಹುಟ್ಟಿತು. ಆದರೂ ಅವರ ಎಚ್ಚರಿಕೆ ಸರಿ. ಜೀವನಕಥೆಗೆ ಎಳೆದುಕೊಂಡು ಹೋಗುವ ಗುಣವಿದೆ. ಪ್ರತಿ ಘಟನೆಗೂ ಒಂದು ಪ್ರಶ್ನೆ ಎಂಬ ನಿಯಮ ಇಲ್ಲದಿದ್ದರೆ ಅಸ್ಕೋವ್‌ನ ಒಡೆದ ಗಾಜು ಮಾತ್ರ ನೆನಪಿನಲ್ಲಿ ಉಳಿಯುತ್ತಿತ್ತು. ಸಮಯ ಕಡಿಮೆ ಇದ್ದವರು ಎರಡನೇ ಅವಧಿಯಿಂದ ಮೂರನೇ ಮತ್ತು ಆರನೇ ಹೆಜ್ಜೆಗಳನ್ನು ಮಾತ್ರ ತೆಗೆದುಕೊಂಡರೂ ಪಾಠ ನಿಲ್ಲುತ್ತದೆ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಇನ್ನೊಂದು ಮಾತು. ಹಿಮ್ಮಾಹಿತಿ ಎಂಬ ಪದ ನಮಗೆ ಸೂಕ್ಷ್ಮಬೋಧನೆಯಿಂದ ಪರಿಚಿತ: ಬೋಧನೆ, ಹಿಮ್ಮಾಹಿತಿ, ಪುನರ್ಯೋಜನೆ, ಪುನರ್ಬೋಧನೆ. ಗಾಳಿಯಂತ್ರದ ನಿಯಂತ್ರಕ ಮಾಡುವುದೂ ಅದನ್ನೇ. ಒಂದೇ ಭೇದವೆಂದರೆ ಅದು ಗಾಳಿ ಬೀಸುತ್ತಿರುವಾಗಲೇ ಅಳೆಯುತ್ತದೆ. ನಾವು ಹೆಚ್ಚಿನ ಬಾರಿ ಘಟಕ ಮುಗಿದ ಮೇಲೆ ಅಳೆಯುತ್ತೇವೆ. ಅಷ್ಟರಲ್ಲಿ 'ಇದು ನಮಗಲ್ಲ' ಎಂದುಕೊಂಡ ಹುಡುಗ ಹಿಂದಿನ ಬೆಂಚಿಗೆ ಹೋಗಿ ಕುಳಿತಿರುತ್ತಾನೆ. ಆ ಮಾತು ಉತ್ತರಪತ್ರಿಕೆಯಲ್ಲಿ ಬರುವುದಿಲ್ಲ. ಪಕ್ಕದವನ ಕಿವಿಯಲ್ಲಿ ಹೇಳಿದಾಗಲೇ ನಮಗೆ ಕೇಳಿಸಬೇಕು.

ಲಾ ಕೂರ್ 1908ರಲ್ಲಿ ತೀರಿಕೊಂಡರು. ಅವರ ನಂತರ ಹತ್ತು ವರ್ಷಗಳಲ್ಲಿ ಡೆನ್ಮಾರ್ಕಿನ ಸುಮಾರು 120 ಸ್ಥಳೀಯ ವಿದ್ಯುತ್ ಕೇಂದ್ರಗಳು ಗಾಳಿಯಂತ್ರ ಬಳಸುತ್ತಿದ್ದವು. ಅಂಥ ಯಂತ್ರಗಳಿಗೆ ಬೆಲ್ಟ್ ಬಿಗಿಮಾಡಲು, ಬ್ಯಾಟರಿ ನೋಡಿಕೊಳ್ಳಲು ಹಳ್ಳಿಯಲ್ಲೇ ಕೈಗಳು ಬೇಕಿದ್ದವು. ಅಸ್ಕೋವ್‌ನಂಥ ಶಾಲೆಯೊಂದು ಅವನ್ನು ತಯಾರು ಮಾಡಿತು.